ಡಿಸೆಂಬರ್ ಕೇಕಿಗೆ ಮನೆಯಲ್ಲೇ ಹಣ್ಣಿನ ಪಾಕ: ಸಕ್ಕರೆ ಒಳಗಿಳಿಯಲು ಎಂಟು ದಿನ ಕೊಡಿ

ಪ್ರಶ್ನೆ: ನಾನು ಹಾಸನದವಳು. ಪ್ರತಿ ಡಿಸೆಂಬರ್‌ನಲ್ಲಿ ನೆಂಟರಿಗೆ, ಅಕ್ಕಪಕ್ಕದವರಿಗೆ ಪ್ಲಮ್ ಕೇಕ್ ಮಾಡಿ ಹಂಚುತ್ತೇನೆ. ಅಂಗಡಿಯ ಟೂಟಿ ಫ್ರೂಟಿಯ ಬಣ್ಣ ಇಷ್ಟವಾಗದೆ ಹೋದ ವರ್ಷ ಮನೆಯಲ್ಲೇ ಪಪ್ಪಾಯಿಕಾಯಿಯದು ಮಾಡಿದೆ. ತುಂಡುಗಳು ಚರ್ಮದ ಹಾಗೆ ಗಟ್ಟಿಯಾದವು. ಡಬ್ಬಿಗೆ ಹಾಕಿ ಮೂರು ವಾರಕ್ಕೆ ನೀರು ಬಿಟ್ಟುಕೊಂಡು ಬೂಷ್ಟು ಬಂತು. ಕಿತ್ತಳೆ ಸಿಪ್ಪೆ ವಿಪರೀತ ಕಹಿ. ಅನಾನಸ್ ಜಾಮ್ 105 ಡಿಗ್ರಿ ಬರುವವರೆಗೆ ಕಾಯಿಸಿದೆ, ಮಾರನೆಯ ದಿನ ಚಮಚ ಇಳಿಯದಷ್ಟು ಅಂಟು. ಎಲ್ಲಿ ತಪ್ಪಿದೆ? ಯಾವಾಗ ಶುರು ಮಾಡಬೇಕು? ನಮ್ಮ ಮನೆಯಲ್ಲಿ ರಮ್ ಬಳಸುವುದಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಸಕ್ಕರೆಯನ್ನು ಅರ್ಧ ಮಾಡಬಹುದೇ ಎಂದೂ ತಿಳಿಸಿ.

ಉತ್ತರ: ಮೊದಲು ಪಪ್ಪಾಯಿಯ ವಿಷಯ, ಏಕೆಂದರೆ ಅದು ಅರ್ಥವಾದರೆ ಉಳಿದದ್ದರಲ್ಲಿ ಅರ್ಧ ಅರ್ಥವಾದಂತೆ.

ನೀವು ಬರೆದದ್ದನ್ನು ನೋಡಿದರೆ ಹಸಿ ತುಂಡುಗಳನ್ನು ನೇರವಾಗಿ ಗಟ್ಟಿ ಪಾಕಕ್ಕೆ ಹಾಕಿದ್ದೀರಿ ಅನ್ನಿಸುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹೆಬ್ಬೆರಳಿನ ತುದಿಯಷ್ಟಿದ್ದ ತುಂಡುಗಳು ಒಣದ್ರಾಕ್ಷಿಯಷ್ಟಾಗಿ ಸುಕ್ಕುಗಟ್ಟಿ ಕೂತಿದ್ದವು, ಪಾಕ ಮಾತ್ರ ನೀರಾಗಿತ್ತು. ಹಸಿ ಕಾಯಿಯ ಒಳಗಿನ ಕೋಶಗಳಿಗೆ ಇನ್ನೂ ಜೀವ ಇರುತ್ತದೆ. ಆ ಕೋಶದ ಪೊರೆ ತನ್ನೊಳಗಿನ ನೀರನ್ನು ಹೊರಗೆ ಬಿಡುತ್ತದೆ, ಸಕ್ಕರೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗೆ ತುಂಡು ಕುಗ್ಗುತ್ತದೆ, ಹೊರಮೈ ಬಿಗಿಯುತ್ತದೆ. ನಡುಭಾಗಕ್ಕೆ ಸಕ್ಕರೆ ಮುಟ್ಟುವುದೇ ಇಲ್ಲ. ಹೊರಗಿನಿಂದ ಒಣಗಿದಂತೆ ಕಂಡದ್ದನ್ನು ನೀವು ಡಬ್ಬಿಗೆ ಹಾಕಿದಿರಿ. ಮೂರು ವಾರದಲ್ಲಿ ನಡುವಿನ ನೀರು ಮೆಲ್ಲಗೆ ಹೊರಗೆ ಬಂದು ಮೇಲಿನ ಸಕ್ಕರೆಯನ್ನು ಕರಗಿಸಿತು. ಆ ತೆಳು ಪಾಕದ ಮೇಲೆ ಬೂಷ್ಟು ಬೆಳೆಯಿತು. ಗಟ್ಟಿಯಾದದ್ದಕ್ಕೂ ಕೊಳೆತದ್ದಕ್ಕೂ ಕಾರಣ ಒಂದೇ: ಸಕ್ಕರೆ ಹಣ್ಣಿನ ಮೇಲೆ ಕೂತಿತ್ತು, ಒಳಗೆ ಇಳಿದಿರಲಿಲ್ಲ.

ಆದ್ದರಿಂದ ಮೊದಲು ಬೇಯಿಸಬೇಕು, ಆಮೇಲೆ ತೆಳು ಪಾಕ, ದಿನದಿಂದ ದಿನಕ್ಕೆ ಗಟ್ಟಿ ಪಾಕ. ಇದಕ್ಕೆ ಅಡ್ಡದಾರಿ ಇಲ್ಲ. ಅರ್ಧ ಗಂಟೆಯಲ್ಲಿ ಟೂಟಿ ಫ್ರೂಟಿ ಎಂದು ಹೇಳುವ ವಿಧಾನಗಳಲ್ಲಿ ಆಗುವ ತಿಂಡಿ ವಾರದೊಳಗೆ ತಿಂದು ಮುಗಿಸಲು ಸರಿ, ಕೇಕಿಗೆಂದು ಎತ್ತಿಡಲು ಅಲ್ಲ.

ಒಂದು ಕಿಲೋ ಲೆಕ್ಕ ಹೇಳುತ್ತೇನೆ. ಉಗುರು ಇಳಿಯದಷ್ಟು ಗಟ್ಟಿಯಾದ, ಒಳಗೆ ಇನ್ನೂ ಬೆಳ್ಳಗಿರುವ ಕಾಯಿ ಬೇಕು. ಸ್ವಲ್ಪ ಹಳದಿ ತಿರುಗಿದ್ದರೂ ಬೇಯುವಾಗ ಕರಗಿಹೋಗುತ್ತದೆ. ಸಿಪ್ಪೆಯ ಮೇಲೆ ಉದ್ದುದ್ದ ಗೀರು ಹಾಕಿ ಸೊನೆ ಇಳಿಯಲು ಬಿಟ್ಟು ತೊಳೆಯಿರಿ. ಸೊನೆ ಕೈಗೆ ತುರಿಕೆ ಮಾಡುತ್ತದೆ, ಎಣ್ಣೆ ಹಚ್ಚಿಕೊಳ್ಳಿ ಇಲ್ಲವೇ ಗ್ಲೌಸ್ ಹಾಕಿಕೊಳ್ಳಿ. ಸಿಪ್ಪೆ, ಬೀಜ ತೆಗೆದ ಮೇಲೆ ಒಂದು ಕಿಲೋ ತೂಗಬೇಕು. ಒಂದು ಸೆಂಟಿಮೀಟರಿಗಿಂತ ದೊಡ್ಡ ತುಂಡು ಬೇಡ. ದೊಡ್ಡದಾದಷ್ಟೂ ನಡುವಿಗೆ ಸಕ್ಕರೆ ತಲುಪುವುದು ತಡ.

ಇನ್ನು ಸುಣ್ಣದ ನೀರು. ಎಲೆ ಅಡಿಕೆಗೆ ಬಳಸುವ, ಬಣ್ಣ ಪರಿಮಳ ಸೇರಿಸದ ತಿನ್ನುವ ಸುಣ್ಣವನ್ನು ಒಂದು ಚಿಕ್ಕ ಚಮಚದಷ್ಟು ಎರಡು ಲೀಟರ್ ನೀರಿನಲ್ಲಿ ಕದಡಿ ಎರಡು ಗಂಟೆ ಬಿಡಿ. ಕೆಳಗೆ ಕೂತ ಗಸಿ ಅಲುಗದಂತೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ತುಂಡುಗಳನ್ನು ಅದರಲ್ಲಿ ಎರಡು ಗಂಟೆ ನೆನೆಹಾಕಿ. ಸುಣ್ಣದ ಕ್ಯಾಲ್ಸಿಯಂ ಕಾಯಿಯಲ್ಲಿರುವ ಪೆಕ್ಟಿನ್ ಎಂಬ, ಜಾಮನ್ನು ಹೆಪ್ಪುಗಟ್ಟಿಸುವ ಅಂಟಿನ ಜೊತೆ ಸೇರಿ ಅಂಚು ಮುರಿಯದಂತೆ ಹಿಡಿದುಕೊಳ್ಳುತ್ತದೆ. ಆಗ್ರಾದ ಪೇಠಾಕ್ಕೆ ಬೂದುಗುಂಬಳಕಾಯಿಯನ್ನು ಸುಣ್ಣದ ನೀರಿನಲ್ಲಿ ಇಡುವುದೂ ಇದೇ ಕಾರಣಕ್ಕೆ. ನೆನೆದ ಮೇಲೆ ನಾಲ್ಕೈದು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಬೆರಳಿಗೆ ಜಾರುವ ಹಾಗಿನ ನುಣುಪು ಪೂರ್ತಿ ಹೋಗಬೇಕು. ಆಮೇಲೆ ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಬೇಯಿಸಿ. ಬೆಳ್ಳಗಿದ್ದ ತುಂಡು ಅರೆ ಪಾರದರ್ಶಕವಾಗಿ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಬಸಿಯಿರಿ.

ಮೊದಲ ದಿನ 500 ಗ್ರಾಂ ಸಕ್ಕರೆಗೆ 750 ಮಿಲಿಲೀಟರ್ ನೀರು ಹಾಕಿ ಕುದಿಸಿ, ತುಂಡುಗಳನ್ನು ಸೇರಿಸಿ ಇನ್ನೊಂದು ಮೂರು ನಿಮಿಷ ಕುದಿಸಿ ಆರಿಸಿ. ತುಂಡುಗಳು ತೇಲದಂತೆ ಮೇಲೊಂದು ತಟ್ಟೆ ಮುಚ್ಚಿಡಿ. ಮಾರನೆಯ ದಿನ ತುಂಡುಗಳನ್ನು ಬಸಿದು, ಪಾಕಕ್ಕೆ 200 ಗ್ರಾಂ ಸಕ್ಕರೆ ಹಾಕಿ, ಮೊದಲಿಗಿಂತ ಗಟ್ಟಿಯಾಗುವಂತೆ ಕುದಿಸಿ ಇಂಗಿಸಿ, ಬಿಸಿಯಾಗಿರುವಾಗಲೇ ತುಂಡುಗಳ ಮೇಲೆ ಹೊಯ್ಯಿರಿ. ಮೂರನೆಯ, ನಾಲ್ಕನೆಯ ದಿನವೂ ಹೀಗೇ 200 ಗ್ರಾಂ. ನಾಲ್ಕನೆಯ ದಿನ ಅರ್ಧ ನಿಂಬೆಹಣ್ಣಿನ ರಸವನ್ನೂ ಹಿಂಡಿ. ಆ ಹುಳಿ ಸಕ್ಕರೆಯ ಒಂದು ಭಾಗವನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವುದರಿಂದ ಪಾಕ ಹರಳುಗಟ್ಟಿ ಮರಳಿನಂತಾಗುವುದಿಲ್ಲ. ಐದು, ಆರನೆಯ ದಿನ ಸಕ್ಕರೆ ಹಾಕುವುದು ಬೇಡ, ಪಾಕವನ್ನು ಇಂಗಿಸುತ್ತ ಬಂದರೆ ಸಾಕು. ಆರನೆಯ ದಿನಕ್ಕೆ ಒಂದೆಳೆ ಪಾಕ ಬಂದಿರಬೇಕು. ಥರ್ಮಾಮೀಟರ್ ಇದ್ದರೆ, ನಿಮ್ಮೂರಿನಲ್ಲಿ ನೀರು ಕುದಿಯುವ ಶಾಖಕ್ಕಿಂತ ಏಳು ಡಿಗ್ರಿ ಹೆಚ್ಚು. ಆ ಪಾಕದಲ್ಲಿ ಇನ್ನೆರಡು ದಿನ ಮಲಗಲಿ.

ಈ ಎಂಟು ದಿನಗಳಲ್ಲಿ ಅಪಾಯ ಇರುವುದು ಮೊದಲ ಮೂರು ದಿನ. ತೆಳು ಪಾಕ ಎಂದರೆ ಯೀಸ್ಟಿಗೆ ಹಬ್ಬದೂಟ. ಒಂದು ದಿನ ಕುದಿಸುವುದು ತಪ್ಪಿದರೂ ನೊರೆ ಎದ್ದು ಹುಳಿ ವಾಸನೆ ಹೊಡೆಯುತ್ತದೆ. ಊರಿಗೆ ಹೋಗಬೇಕಾಗಿ ಬಂದರೆ ಪಾತ್ರೆಯನ್ನು ಹಾಗೇ ಫ್ರಿಜ್‌ನಲ್ಲಿಟ್ಟು ಹೋಗಿ. ಪಾತ್ರೆ ಸ್ಟೀಲಿನದೇ ಇರಲಿ. ಹುಳಿ ತಗಲುವ ಅಡುಗೆಗೆ ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಆಗದು.

ಆಗಿದೆಯೋ ಇಲ್ಲವೋ ಎಂದು ನೋಡುವ ವಿಧಾನ ಹೇಳುತ್ತೇನೆ, ಇದನ್ನು ಮಾತ್ರ ಬಿಡಬೇಡಿ. ಒಂದು ತುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಜೇನಿನ ಹನಿಯ ಹಾಗೆ ಅಂಚಿನಿಂದ ಅಂಚಿಗೆ ಒಂದೇ ಸಮ ತಿಳಿಯಾಗಿರಬೇಕು. ಚಾಕುವಿನಿಂದ ಎರಡು ಮಾಡಿ. ನಡುವೆ ಸಾಸಿವೆಯಷ್ಟು ಬಿಳಿ ಮಬ್ಬು ಕಂಡರೂ ಅಲ್ಲಿಗೆ ಸಕ್ಕರೆ ಹೋಗಿಲ್ಲ. ಮತ್ತೊಂದು ಸಲ ಪಾಕ ಕಾಯಿಸಿ ಹೊಯ್ದು ಇನ್ನೊಂದು ದಿನ ಬಿಡಿ. ನಿಮ್ಮ ಹೋದ ವರ್ಷದ ತುಂಡನ್ನು ಕತ್ತರಿಸಿದ್ದರೆ ಈ ಬಿಳಿ ಕಣ್ಣು ಖಂಡಿತ ಕಾಣುತ್ತಿತ್ತು.

ಆದ ಮೇಲೆ ಬಸಿದು, ಉಗುರು ಬೆಚ್ಚಗಿನ ನೀರಿನಲ್ಲಿ ಒಂದೇ ಒಂದು ಸಲ ಅದ್ದಿ ತೆಗೆದು, ಜಾಲರಿಯ ಮೇಲೆ ಹರಡಿ ತೆಳು ಬಟ್ಟೆ ಮುಚ್ಚಿ ಫ್ಯಾನ್ ಗಾಳಿಗೆ ಒಣಗಿಸಿ. ಬೆರಳಿನಿಂದ ಒತ್ತಿದರೆ ಮೆತ್ತಗಿರಬೇಕು, ಆದರೆ ಬೆರಳಿಗೆ ಅಂಟಬಾರದು. ಹಾಸನದ ಚಳಿಗಾಲದ ಒಣ ಹವೆಗೆ ಎರಡು ದಿನ ಸಾಕು, ಮಂಗಳೂರಿನವರಿಗೆ ಇದರ ದುಪ್ಪಟ್ಟು ಬೇಕಾದೀತು. ಬಣ್ಣ ಬೇಡ ಅಂದಿರಿ, ಸಂತೋಷ. ಬೀಟ್‌ರೂಟ್ ರಸ ಹಾಕಿ ಕೆಂಪು ಮಾಡಿದರೂ ಓವನ್ನಿನಲ್ಲಿ ಅದು ಕಂದಿಹೋಗುತ್ತದೆ. ಅಂದಹಾಗೆ, ಕೇಕಿನ ಮೇಲೆ ಇಡುವ ಕೆಂಪು ಚೆರ್ರಿ ಎಂದು ನಮ್ಮ ಬೇಕರಿಗಳಲ್ಲಿ ಸಿಗುವುದು ಎಷ್ಟೋ ಸಲ ಚೆರ್ರಿಯೇ ಅಲ್ಲ, ಬೀಜ ತೆಗೆದು ಇದೇ ರೀತಿ ಪಾಕವೇರಿಸಿ ಬಣ್ಣ ಹಾಕಿದ ಕವಳೆಕಾಯಿ. ಕರಾವಳಿಯವರು ಉಪ್ಪಿನಕಾಯಿ ಹಾಕುವ ಕರಂಡೆಯೇ ಅದು. ನಿಮ್ಮ ಬೇಲಿಯಲ್ಲಿ ಕವಳೆ ಇದ್ದರೆ ಮುಂದಿನ ಬೇಸಿಗೆಯಲ್ಲಿ ಬಣ್ಣವಿಲ್ಲದೆ ಮಾಡಿ ನೋಡಿ. ಅದರ ಹುಳಿ ಕೇಕಿನ ಸಿಹಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಕಿತ್ತಳೆ ಸಿಪ್ಪೆಯ ಕಹಿ ಹೆಚ್ಚಾಗಿ ಒಳಗಿನ ಬಿಳಿ ನಾರಿನದು, ಪರಿಮಳ ಹೊರಮೈಯ ಎಣ್ಣೆಯ ಚುಕ್ಕೆಗಳದ್ದು. ಕಹಿ ನೀರಿಗೆ ಬಿಡುತ್ತದೆ, ಹಾಗಾಗಿ ನೀರು ಬದಲಾಯಿಸಿ ಬದಲಾಯಿಸಿ ಕುದಿಸಬೇಕು. ತಣ್ಣೀರಿಗೆ ಸಿಪ್ಪೆ ಹಾಕಿ ಕುದಿ ಬರಿಸಿ ಐದು ನಿಮಿಷ ಬಿಟ್ಟು ಚೆಲ್ಲಿ. ಕೊಡಗಿನ ಕಿತ್ತಳೆಯಂಥ ತೆಳು ಸಿಪ್ಪೆಗೆ ಎರಡು ಸಲ ಸಾಕು, ದಪ್ಪ ಸಿಪ್ಪೆಯ ಮೂಸಂಬಿಗೆ ಮೂರು ಸಲ. ಕಹಿ ಹೋಗಲೆಂದು ಬಿಳಿ ಭಾಗವನ್ನೆಲ್ಲ ಕೆರೆದು ತೆಗೆಯುವವರಿದ್ದಾರೆ, ನಾನು ತೆಗೆಯುವುದಿಲ್ಲ. ಸಕ್ಕರೆಯನ್ನು ಹೀರಿ ಹಿಡಿದುಕೊಳ್ಳುವುದು ಅದೇ, ಅದಿಲ್ಲದ ಸಿಪ್ಪೆ ಒಣಗಿ ಗರಗರ ಆಗುತ್ತದೆ. ಕುದಿಸಿದ ಮೇಲೆ ತೂಕ ನೋಡಿ ಅಷ್ಟೇ ತೂಕದ ಸಕ್ಕರೆ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಪಾಕವೇರಿಸಿ. ಸಿಪ್ಪೆ ತೆಳ್ಳಗಿರುವುದರಿಂದ ಎಂಟು ದಿನ ಬೇಡ, ಮೂರು ದಿನದಲ್ಲಿ ಮುಗಿಯುತ್ತದೆ.

ಆದರೆ ನನ್ನನ್ನು ಕೇಳಿದರೆ ಕಿತ್ತಳೆಗಿಂತ ಚಕ್ಕೋತದ ಸಿಪ್ಪೆ ಮೇಲು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಇದೆ, ಹಣ್ಣನ್ನು ಹುಡುಕಿಕೊಂಡು ಹೋಗಿ ತರುತ್ತೇವೆ, ಬೆರಳು ದಪ್ಪದ ಸಿಪ್ಪೆಯನ್ನು ಮಾತ್ರ ಕಸಕ್ಕೆ ಹಾಕುತ್ತೇವೆ. ಆ ಸ್ಪಂಜಿನಂಥ ಬಿಳಿ ಭಾಗ ಪಾಕ ಕುಡಿದಾಗ ಬರುವ ಮೃದುತ್ವ ಬೇರೆ ಯಾವ ಸಿಪ್ಪೆಗೂ ಬರುವುದಿಲ್ಲ. ನಾರಿಂಜಿನ್ ಎಂಬ ಕಹಿ ಅಂಶ ಅದರಲ್ಲಿ ಜಾಸ್ತಿ. ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸಿ, ನಾಲ್ಕೈದು ನೀರಿನಲ್ಲಿ ಕುದಿಸಿ, ಪ್ರತಿ ಸಲವೂ ಎರಡು ಅಂಗೈ ನಡುವೆ ಒತ್ತಿ ನೀರು ಹಿಂಡಿ. ಹಿಂಡಿದ ನೀರನ್ನು ನಾಲಿಗೆಗೆ ತಾಗಿಸಿ ನೋಡಿ. ಸಣ್ಣ ಕಹಿ ಉಳಿದಿದ್ದರೆ ಸಾಕು, ಆ ಕಹಿ ಇರಲೇಬೇಕು. ಮಾದಳದ ಹಣ್ಣು ಸಿಕ್ಕಿದರೆ ಅದರ ದಪ್ಪ ಸಿಪ್ಪೆಗೂ ಇದೇ ವಿಧಾನ. ಯುರೋಪಿನ ಹಣ್ಣಿನ ಕೇಕುಗಳಿಗೆ ಹಾಕುವ ಪಾಕದ ಸಿಪ್ಪೆಗಳಲ್ಲಿ ಮಾದಳದ್ದಕ್ಕೆ ಹಳೆಯ ಸ್ಥಾನವಿದೆ.

ಇನ್ನು ನೀವು ಹಾಸನದವರು, ಶುಂಠಿ ಬೆಳೆಯುವ ಜಿಲ್ಲೆಯವರು. ಹಸಿ ಶುಂಠಿಯ ಪಾಕ ಮಾಡದೆ ಬಿಡಬೇಡಿ. ನಾರು ಬಲಿಯದ ಎಳೆ ಶುಂಠಿ ಬೇಕು, ಅಕ್ಟೋಬರ್‌ನಲ್ಲೇ ತಂದುಬಿಡಿ. ತೆಳು ಬಿಲ್ಲೆ ಮಾಡಿ ಮೆತ್ತಗಾಗುವವರೆಗೆ, ಮುಕ್ಕಾಲು ಗಂಟೆಯಾದರೂ ಬೇಯಿಸಿ. ಆಮೇಲೆ ಸಿಪ್ಪೆಯ ಹಾಗೆಯೇ ಸಮತೂಕ ಸಕ್ಕರೆ. ಬೆಲ್ಲ ಬೇಕೆನ್ನುವವರು ಇಲ್ಲಿ ಬಳಸಬಹುದು, ಖಾರಕ್ಕೆ ಬೆಲ್ಲದ ರುಚಿ ಸೇರುತ್ತದೆ. ಪಪ್ಪಾಯಿಗೆ ಬೆಲ್ಲ ಹಾಕಿದರೆ ಬೆಲ್ಲವೇ ಮುಂದೆ, ಪಪ್ಪಾಯಿ ಹಿಂದೆ. ಉಳಿದ ಶುಂಠಿ ಪಾಕವನ್ನು ಶೀಸೆಯಲ್ಲಿ ಫ್ರಿಜ್‌ಗೆ ಇಡಿ, ಕೆಳಗೆ ಅದರ ಕೆಲಸ ಹೇಳುತ್ತೇನೆ.

ಈಗ ಜಾಮ್. ಪುಸ್ತಕದ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ಜಾಮ್ ಆಗುವುದೆಂದರೆ ಅದರಲ್ಲಿ ಕರಗಿದ ಅಂಶ, ಮುಖ್ಯವಾಗಿ ಸಕ್ಕರೆ, ನೂರಕ್ಕೆ ಸುಮಾರು 65 ಭಾಗಕ್ಕೆ ಬರುವುದು. ಆಗ ಅದು ಬರಿ ನೀರಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿನಲ್ಲಿ ಕುದಿಯುತ್ತದೆ. ಮಂಗಳೂರಿನಲ್ಲಿ ನೀರು 100ಕ್ಕೆ ಕುದಿಯುವುದರಿಂದ ಅಲ್ಲಿ 104.5 ಸರಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ, ನಿಮ್ಮಲ್ಲಿ ನೀರು 97ರ ಹತ್ತಿರ ಕುದಿಯುತ್ತದೆ. ಅಂದರೆ ನಿಮ್ಮ ಜಾಮ್ 101.5ಕ್ಕೇ ಮುಗಿದಿತ್ತು! ಅಲ್ಲಿಂದ 105ರವರೆಗೆ ನೀವು ಕಾಯಿಸಿದ್ದು ಮಿಠಾಯಿಯ ಪಾಕವನ್ನು. ಬೆಂಗಳೂರು, ಮೈಸೂರು, ಮಡಿಕೇರಿ ಎಲ್ಲ ಕಡೆಯವರಿಗೂ ಇದೇ ಸಮಸ್ಯೆ. ಜಾಮ್ ಮಾಡುವ ದಿನ ಮೊದಲು ಬರಿ ನೀರನ್ನು ಕುದಿಸಿ ಥರ್ಮಾಮೀಟರ್ ಏನು ತೋರಿಸುತ್ತದೆ ನೋಡಿ, ಅದಕ್ಕೆ ನಾಲ್ಕೂವರೆ ಸೇರಿಸಿ. ನಿಮ್ಮ ಥರ್ಮಾಮೀಟರಿನ ತಪ್ಪೂ ಅಲ್ಲೇ ಸರಿಹೋಗುತ್ತದೆ. ಜೊತೆಗೆ ಫ್ರಿಜ್‌ನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ನಿಮಿಷದ ನಂತರ ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಆಯಿತು.

ಅನಾನಸ್‌ನಲ್ಲಿ ಪೆಕ್ಟಿನ್ ಕಡಿಮೆ, ಅದಕ್ಕೇ ಅದು ತಾನಾಗಿ ಹೆಪ್ಪುಗಟ್ಟದೆ ಕಾಯಿಸುತ್ತಲೇ ಇರುವಂತೆ ಮಾಡುತ್ತದೆ. ಪೆಕ್ಟಿನ್ ಪುಡಿ ತರಬೇಕಿಲ್ಲ. ಅರೆಹಣ್ಣಾದ ಸೀಬೆಕಾಯಿ ಅರ್ಧ ಕಿಲೋ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಬಟ್ಟೆಯಲ್ಲಿ ಹಿಂಡದೆ ಸೋಸಿ. ಆ ನೀರನ್ನು ಒಂದು ಕಿಲೋ ಅನಾನಸ್‌ಗೆ ಸೇರಿಸಿ, ಒಂದು ನಿಂಬೆಹಣ್ಣಿನ ರಸ ಹಾಕಿ. ಸಕ್ಕರೆ 750 ಗ್ರಾಂ. ಬಿಸ್ಕತ್ತು, ಬನ್ನಿನ ಒಳಗೆ ತುಂಬುವ ಜಾಮ್ ಆದರೆ ಒಂದು ಡಿಗ್ರಿ ಹೆಚ್ಚಿಗೆ ಕಾಯಿಸಿ, ಇಲ್ಲದಿದ್ದರೆ ಓವನ್ನಿನಲ್ಲಿ ಉಕ್ಕಿ ಹೊರಗೆ ಬರುತ್ತದೆ. ಜಾಮ್ ತುಂಬುವ ಗಾಜಿನ ಶೀಸೆ, ಮುಚ್ಚಳಗಳನ್ನು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ ಒಣಗಿಸಿಕೊಂಡಿರಿ, ಜಾಮ್ ಸುಡುಸುಡು ಇರುವಾಗಲೇ ತುಂಬಿ ಮುಚ್ಚಿ.

ಬೂಷ್ಟು ಬಂದ ಜಾಮನ್ನು ಮೇಲಿನಿಂದ ಕೆರೆದು ಉಳಿದದ್ದನ್ನು ಬಳಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಬೇಡ. ಕಣ್ಣಿಗೆ ಕಾಣುವುದು ಮೇಲಿನ ಪದರ ಮಾತ್ರ, ಅದು ಬಿಡುವ ವಿಷ ಕೆಳಗೂ ಇಳಿದಿರಬಹುದು.

ರಮ್ ಇಲ್ಲದೆ ಒಣಹಣ್ಣು ನೆನೆಸುವುದು ಹೇಗೆ? ಇಲ್ಲಿ ಒಂದು ಎಚ್ಚರಿಕೆ ಇದೆ. ನಮ್ಮಲ್ಲಿ ಸಿಗುವ ರಮ್‌ನಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೋಹಾಲ್ ಇರುತ್ತದೆ, ಹಣ್ಣು ತಿಂಗಳುಗಟ್ಟಲೆ ಕೆಡದಿರುವುದು ಅದರಿಂದ. ಅದೇ ವಿಧಾನವನ್ನು ಕಿತ್ತಳೆ ರಸದಲ್ಲಿ ಮಾಡಿ ಅಡುಗೆಮನೆಯ ಕಟ್ಟೆಯ ಮೇಲೆ ತಿಂಗಳು ಇಡುವವರನ್ನು ನೋಡಿದ್ದೇನೆ, ನೆನೆಯುವ ಬದಲು ಅದು ಹುಳಿಯುತ್ತದೆ. ನೀವು ಒಣದ್ರಾಕ್ಷಿ, ಖರ್ಜೂರ, ಅಂಜೂರಗಳನ್ನು ಕೇಕ್ ಮಾಡುವ ಹಿಂದಿನ ದಿನ ಮಾತ್ರ ನೆನೆಸಿ. ಎತ್ತಿಟ್ಟ ಶುಂಠಿ ಪಾಕ ಒಂದು ಪಾಲು, ಕಿತ್ತಳೆ ರಸ ಎರಡು ಪಾಲು, ಒಂದು ಚೂರು ದಾಲ್ಚಿನ್ನಿ, ಎರಡು ಲವಂಗ. ಬಿಸಿ ಮಾಡಿ ಹಣ್ಣಿನ ಮೇಲೆ ಹೊಯ್ದು, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಪಾಕದ ಪಪ್ಪಾಯಿ, ಸಿಪ್ಪೆಗಳನ್ನು ಇದರಲ್ಲಿ ನೆನೆಸಬಾರದು, ಅವು ಒಣಗಿಯೇ ಹಿಟ್ಟಿಗೆ ಬೀಳಬೇಕು. ಹಣ್ಣು ತಳಕ್ಕೆ ಇಳಿಯದಿರಲಿ ಎಂದು ಮೈದಾ ಸವರುವುದರಿಂದ ಸ್ವಲ್ಪ ಉಪಯೋಗವಿದೆ, ಹಿಟ್ಟು ಗಟ್ಟಿಯಾಗಿದ್ದರೆ ಅದಕ್ಕಿಂತ ಹೆಚ್ಚು ಉಪಯೋಗ. ಪ್ರತಿ 100 ಗ್ರಾಂ ಪಾಕದ ಹಣ್ಣಿಗೆ ಕೇಕಿನ ಸಕ್ಕರೆಯಲ್ಲಿ 20 ಗ್ರಾಂ ಕಡಿಮೆ ಮಾಡಿಕೊಳ್ಳಿ.

ಮನೆಯಲ್ಲಿ ಹಲಸಿನ ಬೆರಟಿ ಇದ್ದರೆ ಅದನ್ನೂ ಮರೆಯಬೇಡಿ. ನಮ್ಮ ಪುತ್ತೂರಿನ ಕಡೆ ಹಲಸಿನ ಹಣ್ಣನ್ನು ಬೆಲ್ಲದ ಜೊತೆ ಕೈಗೆ ಅಂಟದ ಹದಕ್ಕೆ ಕಾಯಿಸಿ ಭರಣಿಯಲ್ಲಿ ತುಂಬಿಡುತ್ತಾರೆ, ಮಳೆಗಾಲದ ಪಾಯಸಕ್ಕೆ. ಬಾಣಲೆಯ ಪಕ್ಕ ನಿಂತು ಅಮ್ಮ ಗಂಟೆಗಟ್ಟಲೆ ಕೈಬಿಡದೆ ಮಗುಚುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಅದರಲ್ಲಿ ನಿಂಬೆಗಾತ್ರದ ಎರಡು ಉಂಡೆಯನ್ನು ಬೆಣ್ಣೆ ಸಕ್ಕರೆ ಕಡೆಯುವಾಗ ಸೇರಿಸಿದರೆ ಕೇಕ್ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಡಗಣ ಕರ್ನಾಟಕದವರು ಮಾವಿನಕಾಯಿಗೆ ಬೆಲ್ಲ ಹಾಕಿ ಕಾಯಿಸುವ ಗುಳಂಬವೂ ಹೀಗೇ ಒಗ್ಗುತ್ತದೆ.

ಸಕ್ಕರೆ ಅರ್ಧ ಮಾಡುವ ಪ್ರಶ್ನೆಗೆ ಉತ್ತರ, ಬೇಡ. ಇಲ್ಲಿ ಸಕ್ಕರೆ ಇರುವುದು ಸಿಹಿಗೆ ಮಾತ್ರವಲ್ಲ, ಹಣ್ಣಿನೊಳಗಿನ ನೀರನ್ನು ಹಿಡಿದಿಟ್ಟು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುವುದಕ್ಕೆ. ಪಪ್ಪಾಯಿಯಲ್ಲಂತೂ ಹುಳಿ ತೀರಾ ಕಡಿಮೆ, ಅದರ ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಅಂಕಿ ಹೆಚ್ಚು) 4.6ಕ್ಕಿಂತ ಮೇಲಿರುತ್ತದೆ. ಇಂಥದ್ದನ್ನು ಕಡಿಮೆ ಸಕ್ಕರೆಯ ಪಾಕದಲ್ಲಿ ಶೀಸೆಗೆ ತುಂಬಿ ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟರೆ ಬಾಟ್ಯುಲಿಸಂ ಎಂಬ ಮಾರಕ ವಿಷಾಹಾರಕ್ಕೆ ದಾರಿಯಾಗಬಹುದು. ಅತ್ತೆಯವರಿಗೆಂದು ಪಾಕದ ಹಣ್ಣಿಲ್ಲದ, ಬಾದಾಮಿ, ಆಕ್ರೋಟು, ತುರಿದ ಹಸಿ ಕಿತ್ತಳೆ ಸಿಪ್ಪೆಯ ಚಿಕ್ಕ ಕೇಕನ್ನು ಬೇರೆಯೇ ಮಾಡಿ, ಎಷ್ಟು ತಿನ್ನಬಹುದು ಎಂದು ಅವರ ವೈದ್ಯರನ್ನು ಕೇಳಿ. ಒಣಹಣ್ಣಿನಲ್ಲೂ ಸಕ್ಕರೆ ಸಾಕಷ್ಟು ಇರುತ್ತದೆ, ಸಕ್ಕರೆ ಹಾಕಿಲ್ಲ ಎಂಬ ಧೈರ್ಯದಲ್ಲಿ ಖರ್ಜೂರ ತುಂಬಬೇಡಿ.

ಯಾವಾಗ ಶುರು ಮಾಡಬೇಕೆಂದರೆ: ಶುಂಠಿ ಅಕ್ಟೋಬರ್ ಕೊನೆಗೆ. ಪಪ್ಪಾಯಿ ನವೆಂಬರ್ ಮೊದಲ ವಾರ, ಎಂಟು ದಿನ ಪಾಕಕ್ಕೆ, ಎರಡು ಮೂರು ದಿನ ಒಣಗಲು. ನಾಗಪುರದ ಕಿತ್ತಳೆ ಮಾರುಕಟ್ಟೆಗೆ ಚೆನ್ನಾಗಿ ಬಂದ ಮೇಲೆ, ನವೆಂಬರ್ ನಡುವಿಗೆ ಸಿಪ್ಪೆ. ಸಿಪ್ಪೆಯನ್ನೇ ತಿನ್ನುವುದರಿಂದ ಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆಯಿರಿ. ಮುಗಿದದ್ದನ್ನು ಪೂರ್ತಿ ಆರಿದ ಮೇಲೆ ಗಾಜಿನ ಶೀಸೆಗೆ ಹಾಕಿ ತಾರೀಕು ಬರೆದು ಅಂಟಿಸಿ. ಹತ್ತು ದಿನಕ್ಕೊಮ್ಮೆ ಶೀಸೆಯನ್ನು ಅಲುಗಿಸಿ ನೋಡಿ. ತುಂಡುಗಳು ಬಿಡಿಬಿಡಿಯಾಗಿ ಗಾಜಿಗೆ ಬಡಿಯುವ ಸದ್ದು ಬರಬೇಕು. ಒಂದಕ್ಕೊಂದು ಅಂಟಿ ಮುದ್ದೆಯಾಗಿ ಜಾರಿದರೆ, ಬೂಷ್ಟು ಇಲ್ಲದಿದ್ದರೆ, ಅವತ್ತೇ ಹೊರತೆಗೆದು ಮತ್ತೆ ಒಂದು ದಿನ ಫ್ಯಾನ್ ಕೆಳಗೆ ಹರಡಿ, ಆಮೇಲೆ ಫ್ರಿಜ್‌ನಲ್ಲಿಡಿ.